ಖಾಲಿ ಕಾಲಮಿನ ಮೇಲೊಂದು ಅಡ್ಡಗೀಟು

ದೂರದ ದೇಶವೊಂದರಲ್ಲಿ ಕುಳಿತವನು ಇಲ್ಲಿಯ ಮನೆಯೊಂದರ ಮಗುವನ್ನು ಅಳಿಸಬಲ್ಲ ಎಂಬ ಮಾತನ್ನು ಸರ್ಕಾರಿ ಕಾಗದಗಳು ಒಪ್ಪಿಕೊಳ್ಳುವ ಎಷ್ಟೋ ಮೊದಲೇ ಒಪ್ಪಿಕೊಂಡವರು, ಒಪ್ಪಿಕೊಂಡು ಸುಮ್ಮನಿರದೆ ಆ ದೂರದ ದೇಶದ ಕಚೇರಿಯ ಬಾಗಿಲು ತಟ್ಟಿದವರು, ತಟ್ಟಿದ ಬಾಗಿಲು ತೆರೆಯುವವರೆಗೆ ಹೊಸ್ತಿಲು ಬಿಟ್ಟು ಕದಲದವರು ಬೆರಳೆಣಿಕೆಯಷ್ಟು ಮಂದಿ. ಮಕ್ಕಳ ಅಂತರ್ಜಾಲ ಸುರಕ್ಷತೆಯ ಸಂಪರ್ಕ ಕಚೇರಿಯ ಹಿರಿಯ ಅಧಿಕಾರಿಯಾಗಿ, ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಪೂರೈಸಿ, ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿರುವ ಮಾನ್ಯ ಮೇಡಂ ಅವರಿಗೆ ಆ ಎಣಿಕೆಯಲ್ಲಿ ಮೊದಲ ಬೆರಳು ಸಲ್ಲುತ್ತದೆ. ಎದುರಿಗೆ ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಬೆನ್ನ ಹಿಂದೆ 'ಗೀಟು ಮೇಡಂ' ಎನ್ನುತ್ತಾರೆ. ಎರಡೂ ಅವರಿಗೆ ಗೊತ್ತು.

ಈ ಅಭಿನಂದನ ಗ್ರಂಥದ ಉಳಿದ ಲೇಖನಗಳನ್ನು ಬರೆದವರು ದೊಡ್ಡವರು. ಅವರಲ್ಲಿ ಮೂವರು ಹೊರದೇಶದವರು. ಏಳು ದೇಶಗಳ ಕಚೇರಿಗಳು ಇಂದು ಒಂದೇ ನಮೂನೆಯ ಅರ್ಜಿಯ ಮೂಲಕ ಮಾತಾಡಿಕೊಳ್ಳುತ್ತಿರುವುದು, ಹಿಂದೆ ಐದು ತಿಂಗಳು ಹಿಡಿಯುತ್ತಿದ್ದ ಕೆಲಸ ಇಂದು ಐದು ಗಂಟೆಯೊಳಗೆ ಮುಗಿಯುತ್ತಿರುವುದು, ಅದರಲ್ಲೂ ಆ ಅರ್ಜಿಯ ಹನ್ನೊಂದನೆಯ ಕಾಲಮಿಗೆ ತಂದ ತಿದ್ದುಪಡಿಯಿಂದಾಗಿ ಸಾವಿರಾರು ಮಕ್ಕಳ ಗುಟ್ಟು ಗುಟ್ಟಾಗಿಯೇ ಉಳಿದಿರುವುದು, ಇದೆಲ್ಲವನ್ನೂ ಅವರು ಪುರಾವೆಸಹಿತ ಬರೆದಿದ್ದಾರೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಆ ತಿದ್ದುಪಡಿ ಏಕೆ ಬೇಕಾಯಿತು ಎಂಬುದನ್ನು ಅವರಾರೂ ಬರೆದಿಲ್ಲ. ಅದನ್ನು ಬರೆಯದಿದ್ದರೆ ಗ್ರಂಥವೇ ಬೇಡ ಎಂದು ಮೇಡಂ ಹಟ ಹಿಡಿದರು.

ಗ್ರಂಥದ ಸಂಪಾದಕತ್ವ ವಹಿಸಿರುವ ಹೊಸ ನಿರ್ದೇಶಕರು ವಯಸ್ಸಿನಲ್ಲಿ ಮೇಡಂಗಿಂತ ಚಿಕ್ಕವರು. ಅವರು ಕೈ ಕೈ ಹಿಸುಕಿಕೊಂಡರು.

"ಅಭಿನಂದನ ಗ್ರಂಥದಲ್ಲಿ ಇಂಥದ್ದು ಯಾರಾದ್ರೂ ಹಾಕ್ತಾರಾ ಮೇಡಂ? ಮದುವೆ ಫೋಟೋದಲ್ಲಿ ಹರಿದ ಚಪ್ಪಲಿ ತೋರಿಸಿದ ಹಾಗಾಗುತ್ತೆ."

"ಆ ಚಪ್ಪಲಿ ಹಾಕ್ಕೊಂಡೇ ಅಲ್ವಾ ಇಷ್ಟು ದೂರ ನಡೆದು ಬಂದಿದ್ದು. ತೋರ್ಸಿ."

"ಸರಿ, ಬರಿಯೋರು ಯಾರು?"

"ದಾಖಲೆ ಕೋಣೆಯವಳು ಬರೀಲಿ. ಆ ಫೈಲನ್ನ ನೂರು ಸಲ ಎತ್ತಿಟ್ಟವಳು ಅವಳು. ಅಲ್ದೆ ತಡವಾಗಿ ಓದು ಕಲಿತವಳು, ಅಲಂಕಾರ ಮಾಡೋಕೆ ಇನ್ನೂ ಬರಲ್ಲ."

"ಬರುತ್ತೆ ಮೇಡಂ," ಎಂದಳು ಬಾಗಿಲ ಬಳಿ ನಿಂತಿದ್ದ ದಾಖಲೆ ಕೋಣೆಯ ಮುದುಕಿ. "ಮೂರನೇ ವರ್ಷ ಕಲಿಸಿದ್ರು. ಪರೀಕ್ಷೆಗೆ ಕೇಳಲಿಲ್ಲ, ಮರೆತುಬಿಟ್ಟೆ."

ಈ ಸಾಲುಗಳು ಆ ಮುದುಕಿಯವು. ಹತ್ತು ಮಧ್ಯಾಹ್ನ ಮೇಡಂ ಎದುರು ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆ, ಹೇಳಲಾರದೆ ನಿಲ್ಲಿಸಿದ್ದನ್ನು ನಿಲ್ಲಿಸಿದ ಹಾಗೆ ಬರೆದುಕೊಂಡದ್ದು.

ಮೇಡಂ ಸೇವೆಗೆ ಸೇರಿದಾಗ ಅವರ ವಯಸ್ಸು ಇಪ್ಪತ್ತಾರು. ಆಗ ಅದಕ್ಕೆ ವಿದೇಶ ಪತ್ರವ್ಯವಹಾರ ಶಾಖೆ ಎಂದು ಹೆಸರು. ಮೂರನೆಯ ಮಹಡಿಯ ತುದಿಯಲ್ಲಿ ಎರಡು ಕೋಣೆ, ನಾಲ್ಕು ಮೇಜು, ಕಿಟಕಿಯಾಚೆ ಪಕ್ಕದ ಕಟ್ಟಡದ ನೀರಿನ ಕೊಳವೆಗಳು. ಗಂಡನಾದವನು ಮುನಿಸಿಕೊಂಡು ಮಗುವನ್ನೆತ್ತಿಕೊಂಡು ಗಡಿ ದಾಟಿದರೆ ಹೆಂಡತಿಯ ಅಹವಾಲನ್ನು ಆ ದೇಶದ ಅಧಿಕಾರಿಗಳಿಗೆ ಕಳಿಸುವುದು, ಬಾರದ ಉತ್ತರಕ್ಕೆ ಕಾಯುವುದು, ಕಾದು ಕಾದು ಮತ್ತೆ ನೆನಪೋಲೆ ಬರೆಯುವುದು ಅಲ್ಲಿಯ ಕೆಲಸವಾಗಿತ್ತು. ಕೆಲಸ ಕಲಿಸಿಕೊಟ್ಟವರು ಶಾಖೆಯ ಹಿರಿಯ ಗುಮಾಸ್ತರು. ಹಿಂದೊಮ್ಮೆ ತಾಯಿಯೊಬ್ಬಳು ಸಹಿ ಹಾಕಿದ್ದ ಅರ್ಜಿಯ ಖಾಲಿ ಜಾಗದಲ್ಲಿ ಯಾರೋ ಆಮೇಲೆ 'ಆಕ್ಷೇಪಣೆ ಇಲ್ಲ' ಎಂದು ತುಂಬಿಬಿಟ್ಟು, ಆ ಮಗು ಮತ್ತೆ ತಾಯಿಯ ಕೈ ಸೇರದೇ ಹೋದದ್ದನ್ನು ಕಣ್ಣಾರೆ ಕಂಡವರು ಅವರು.

"ಖಾಲಿ ಬಿಟ್ಟ ಕಾಲಂ ಅಂದ್ರೆ ಅಗುಳಿ ಹಾಕದ ಮನೆ ಕಣಮ್ಮ," ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. "ಬರೆಯೋಕೆ ಏನೂ ಇಲ್ವಾ, ಅಡ್ಡಗೀಟು ಎಳಿ. ಯಾರೂ ಒಳಗೆ ನುಗ್ಗಬಾರದು."

ಉಳಿದವರು ಆ ಮಾತನ್ನು ಕೇಳಿ ಮರೆತರು. ಮೇಡಂ ಅದನ್ನು ಕೈಗೆ ಅಂಟಿಸಿಕೊಂಡರು. ಅಡ್ಡಗೀಟಿಲ್ಲದ ಕಾಗದ ಅವರ ಮೇಜು ದಾಟುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಳಿ ಹೋದಾಗಲೂ ಅಲ್ಲಿಯ ನೋಂದಣಿ ಚೀಟಿಯ ಖಾಲಿ ಜಾಗಗಳಿಗೆಲ್ಲ ಗೀಟೆಳೆದು ಕೊಟ್ಟು, ಆ ಡಾಕ್ಟರು "ನಿಮ್ಮ ಬಾಯೊಳಗೂ ಹೀಗೇ ಎಳೆದಿದ್ರೆ ಹುಳ ಬರ್ತಿರಲಿಲ್ಲ" ಎಂದು ನಕ್ಕದ್ದನ್ನು ಅವರೇ ಬಂದು ಹೇಳಿದ್ದರು. ಗೀಟು ಮೇಡಂ ಎಂಬ ಹೆಸರು ನಿಂತದ್ದು ಆಗಲೇ.

ಮಕ್ಕಳ ಕೈಗೆ ಫೋನು ಬಂದ ಮೇಲೆ ಶಾಖೆಯ ಸ್ವರೂಪವೇ ಬದಲಾಯಿತು. ಹಿಂದೆ ಹೆಣ್ಣುಮಗುವನ್ನು ಕಾಡುವವನು ಓಣಿಯ ತಿರುವಿನಲ್ಲಿ ನಿಂತಿರುತ್ತಿದ್ದ. ಅವನ ಮನೆ ಯಾವುದು, ಅವನ ಅಪ್ಪ ಯಾರು ಎಂದು ಹೇಳಬಲ್ಲವರು ನಾಲ್ಕು ಜನ ಇರುತ್ತಿದ್ದರು. ಈಗ ಅವನು ಮಗುವಿನ ಅಂಗೈಯಲ್ಲಿ ಮಾತಾಡುತ್ತಿದ್ದ, ಅವನ ದೇಶ ಯಾವುದೆಂದೂ ತಿಳಿಯುತ್ತಿರಲಿಲ್ಲ. ಮೊದಲನೆಯ ದೂರಿಗೆ ಮೇಡಂ ಹದಿನಾಲ್ಕು ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಹದಿನೈದನೆಯದನ್ನು ಬರೆಯದೆ, ಆ ದೇಶದ ಕಚೇರಿಯ ಫೋನು ನಂಬರು ಹುಡುಕಿ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನೇರವಾಗಿ ಕರೆಮಾಡಿದರು. ಎತ್ತಿದವರು ಅವರದೇ ದರ್ಜೆಯ ಒಬ್ಬ ಅಧಿಕಾರಿ. ಇಬ್ಬರಿಗೂ ಮಾತೃಭಾಷೆಯಲ್ಲದ ಮೂರನೆಯ ಭಾಷೆಯೊಂದರಲ್ಲಿ ತಡವರಿಸಿ ತಡವರಿಸಿ ಮಾತಾಡಿ, ಆ ದಿನವೇ ಒಬ್ಬ ಹುಡುಗನ ಚಿತ್ರಗಳನ್ನು ತೆಗೆಸಿಹಾಕಿದರು. ಅಂದಿನಿಂದ ಪ್ರತಿ ಬುಧವಾರ ಹನ್ನೊಂದಕ್ಕೆ ಫೋನು ತಪ್ಪಲಿಲ್ಲ. ಕಚೇರಿಯ ಟೈಪಿಸ್ಟು ಆ ಅಧಿಕಾರಿಗೆ 'ಬುಧವಾರದ ನೆಂಟರು' ಎಂದು ಹೆಸರಿಟ್ಟಳು.

"ಮೇಡಂ, ನಿಮ್ಮ ನೆಂಟರು ಲೈನಲ್ಲಿದಾರೆ. ಊಟ ಆಯ್ತಾ ಅಂತ ನಾನು ಕೇಳ್ಲಾ, ನೀವೇ ಕೇಳ್ಕೋತೀರಾ?"

"ಹನ್ನೊಂದು ಗಂಟೆಗೆ ಯಾರ ಮನೇಲಿ ಊಟ ಆಗಿರುತ್ತೆ? ಕೊಡು ಇಲ್ಲಿ."

ಆ ಒಂದು ಫೋನಿನಿಂದ ಎರಡಾಗಿ, ಮೂರಾಗಿ, ಕೊನೆಗೆ ಏಳು ದೇಶಗಳ ಸಂಬಂಧಪಟ್ಟವರ ನಂಬರುಗಳಿರುವ ಒಂದು ಹಾಳೆ ಗೋಡೆಯ ಮೇಲೆ ಬಂದಿತು. ಸಂಪರ್ಕ ಕಚೇರಿ ಎಂಬ ದೊಡ್ಡ ಹೆಸರು ಬಂದದ್ದು ಆ ಹಾಳೆ ಅಂಟಿದ ನಾಲ್ಕು ವರ್ಷದ ಮೇಲೆ.

ದೂರು ಹೇಳಿಕೊಳ್ಳಲು ಬರುವ ಮಕ್ಕಳಿಗಾಗಿ ಅವರು ಒಂದು ಕೋಣೆಯನ್ನು ಅಣಿಗೊಳಿಸಿದ ರೀತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸಲ್ಲದು. ಅಲ್ಲಿ ಮೇಜಿಲ್ಲ. ಅಧಿಕಾರಿ ಎದುರಿಗೆ ಕೂರುವಂತಿಲ್ಲ, ಪಕ್ಕದಲ್ಲಿ ಕೂರಬೇಕು. ಹೇಳುವ ಮಗು ಯಾರ ಮುಖವನ್ನೂ ನೋಡಬೇಕಾಗಿಲ್ಲ. 'ನೀನ್ಯಾಕೆ ಕಳಿಸಿದೆ' ಎಂಬ ಪ್ರಶ್ನೆಯನ್ನು ಆ ಕೋಣೆಯಲ್ಲಿ ಕೇಳಿದ ಒಬ್ಬ ಅಧಿಕಾರಿಯನ್ನು ಮೇಡಂ ಆ ದಿನವೇ ಬೇರೆ ಕೆಲಸಕ್ಕೆ ಹಾಕಿದ್ದುಂಟು. ದಾಖಲೆ ಕೋಣೆಯವಳ ಪಾಳಿಯನ್ನು ಐದಕ್ಕೆ ಮುಗಿಯುವಂತೆ ಬದಲಿಸಿ ಅವಳನ್ನು ರಾತ್ರಿ ಶಾಲೆಗೆ ಕಳಿಸಿದವರೂ, ಅವಳ ಮೊದಲ ವರ್ಷದ ಪ್ರಬಂಧಗಳನ್ನು ಪೆನ್ಸಿಲಿನಲ್ಲಿ ಮಾತ್ರ ತಿದ್ದಿ 'ಬೇಡವೆನಿಸಿದರೆ ಅಳಿಸಿಕೋ' ಎಂದವರೂ ಅವರೇ.

ಇಷ್ಟನ್ನು ಬರೆಸಿದ ಮೇಲೆ ಮೇಡಂ ಆ ದಿನಕ್ಕೆ ಸಾಕೆಂದು ಎದ್ದರು. ಮರುದಿನ ಬಂದು, "ಈಗ ಅದನ್ನ ಬರ್ಕೋ" ಎಂದರು.

ಏಳು ವರ್ಷದ ಹಿಂದಿನ ಮಾತು. ಹದಿನೈದು ವರ್ಷದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ತಾಯಿ ನಗರದ ಬಸ್ಸಿನಲ್ಲಿ ಕಂಡಕ್ಟರು; ಕೆಲಸದ ನಡುವೆಯೇ ಬಂದಿದ್ದರಿಂದ ಸಮವಸ್ತ್ರದಲ್ಲಿದ್ದರು. ಹುಡುಗಿ ಲೆಕ್ಕದಲ್ಲಿ ಜಾಣೆ. ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ವೀಡಿಯೋಗಳನ್ನು ಮಾಡಿ ಅಂತರ್ಜಾಲದಲ್ಲಿ ಹಾಕುತ್ತಿದ್ದಳು. ತಾಯಿಯ ಚೀಲದಲ್ಲಿ ಉಳಿದ ಟಿಕೆಟ್ ಸುರುಳಿಯ ತುಂಡುಗಳನ್ನು ಅರ್ಧ, ಕಾಲು, ಅರೆಕಾಲು ಹರಿದು ತೋರಿಸಿ ಭಿನ್ನರಾಶಿ ಕಲಿಸುವುದು ಅವಳ ಕ್ರಮ. ಟಿಕೆಟ್ ಟೀಚರ್ ಎಂದು ನಾಲ್ಕಾರು ದೇಶಗಳ ಮಕ್ಕಳಿಗೆ ಪರಿಚಿತಳಾಗಿದ್ದಳು. ಫೋನು ಹಿಡಿದು ವೀಡಿಯೋ ತೆಗೆಯುತ್ತಿದ್ದವಳು ಅವಳ ಚಿಕ್ಕಮ್ಮನ ಮಗಳು. ವಯಸ್ಸಿನಲ್ಲಿ ಮೂರೇ ತಿಂಗಳು ಚಿಕ್ಕವಳು, ಒಂದೇ ತರಗತಿ, ಒಂದೇ ಬೆಂಚು.

ಆ ವೀಡಿಯೋಗಳಿಂದ ಹುಡುಗಿಯ ಮುಖವನ್ನು ಎತ್ತಿಕೊಂಡು, ಹೇಳಬಾರದ ಚಿತ್ರಗಳಿಗೆ ಅಂಟಿಸಿ, ಯಾರೋ ಒಬ್ಬ ದಿನಕ್ಕೊಂದರಂತೆ ಅವಳಿಗೇ ಕಳಿಸುತ್ತಿದ್ದ. ಹೇಳಿದಂತೆ ಕೇಳದಿದ್ದರೆ, ಯಾರಿಗಾದರೂ ಬಾಯಿಬಿಟ್ಟರೆ, ಇಡೀ ಶಾಲೆಗೆ ಹಂಚುತ್ತೇನೆ ಎನ್ನುತ್ತಿದ್ದ. ಅವನಿರುವುದು ಬುಧವಾರದ ನೆಂಟರ ದೇಶದಲ್ಲಿ ಎಂಬುದನ್ನು ಕಚೇರಿಯವರು ಒಂದು ಗಂಟೆಯೊಳಗೆ ಕಂಡುಹಿಡಿದರು. ಅವನು ಯಾರು ಎಂಬುದನ್ನು ಆ ದೇಶದವರೇ ಹೇಳಬೇಕಿತ್ತು.

ಹುಡುಗಿ ಮೇಡಂ ಪಕ್ಕದಲ್ಲಿ ಕೂತು ಕೇಳಿದ್ದು ಒಂದೇ ಮಾತು.

"ನಾವು ದೂರು ಕೊಟ್ಟಿದ್ದು ಅವನಿಗೆ ಗೊತ್ತಾಗಲ್ಲ ಅಲ್ವಾ ಆಂಟಿ?"

"ಗೊತ್ತಾಗಲ್ಲ ಪುಟ್ಟಿ. ಅವನನ್ನ ಹಿಡಿಯೋವರೆಗೂ ಗೊತ್ತಾಗಲ್ಲ. ನನ್ನ ಮಾತು."

"ಅಮ್ಮ, ನಾನು, ನಮ್ಮ ಚಿಕ್ಕಮ್ಮನ ಮಗಳು. ಇನ್ಯಾರಿಗೂ ಹೇಳಿಲ್ಲ."

"ಒಳ್ಳೇದು. ಈಗ ನಾನೂ ಸೇರಿದೆ. ನಾಲ್ಕು ಜನ."

ಏಳು ದೇಶಗಳ ಒಂದೇ ನಮೂನೆಯ ಅರ್ಜಿ ಜಾರಿಗೆ ಬಂದು ಆಗ ಇನ್ನೂ ಎರಡು ವಾರ. ಅದನ್ನು ರೂಪಿಸಿದ ಸಭೆಯಲ್ಲಿ ಮೇಡಂ ಅವರೇ ಕೂತಿದ್ದರು, ವಾದಿಸಿದ್ದರು, ಸಹಿ ಹಾಕಿದ್ದರು. ಅರ್ಜಿಯನ್ನು ಮುದ್ರಿಸಿ, ಕೈಯಿಂದ ತುಂಬಿ, ಸ್ಕ್ಯಾನ್ ಮಾಡಿ ಕಳಿಸಬೇಕು. ಅದರ ಹನ್ನೊಂದನೆಯ ಕಾಲಮಿನಲ್ಲಿ ಹೀಗಿತ್ತು: 'ಖಾತೆದಾರನಿಗೆ ವಿಷಯ ತಿಳಿಸದಿರಲು ಕಾರಣ.' ಖಾತೆದಾರನೆಂದರೆ ಆ ಚಿತ್ರಗಳನ್ನು ಕಳಿಸುತ್ತಿದ್ದವನು. ನಮ್ಮ ಕಾನೂನಿನಲ್ಲಿ ಮಕ್ಕಳ ದೂರೆಲ್ಲವೂ ಗುಪ್ತ. ಕಾರಣ ಕೊಡಬೇಕಾದ ಪ್ರಮೇಯವೇ ಇಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಮೇಡಂ ಮೂವತ್ತು ವರ್ಷಕ್ಕೆ ಹತ್ತಿರದ ರೂಢಿಯಂತೆ, ನೇರವಾದ, ಅಚ್ಚುಕಟ್ಟಾದ ಒಂದು ಅಡ್ಡಗೀಟು ಎಳೆದರು.

ಆ ದೇಶದ ಕಾನೂನು ಬೇರೆ. ಅಲ್ಲಿ ಒಬ್ಬನ ಖಾತೆಯ ವಿವರವನ್ನು ಯಾರಾದರೂ ಕೇಳಿದರೆ, ತಿಳಿಸುವುದು ಬೇಡವೆನ್ನಲು ಕಾರಣವಿಲ್ಲದಿದ್ದ ಪಕ್ಷದಲ್ಲಿ, ಏಳು ದಿನದೊಳಗೆ ಅವನಿಗೆ ನೋಟೀಸು ಹೋಗಬೇಕು. ಕಾಲಂ ಖಾಲಿಯಿದ್ದಿದ್ದರೆ ಮರೆತಿರಬಹುದೆಂದು ಯಾರಾದರೂ ಕೇಳುತ್ತಿದ್ದರೇನೋ. ಗೀಟು ಎಳೆದಿತ್ತು. ನೋಡಿ, ಯೋಚಿಸಿ, ಕಾರಣವೇನೂ ಇಲ್ಲವೆಂದು ಹೇಳಿದ ಹಾಗಿತ್ತು. ಬುಧವಾರದ ನೆಂಟರು ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದರು. ಅವರ ಜಾಗದಲ್ಲಿದ್ದವರು ನಿಯಮದಂತೆ ನೋಟೀಸು ಕಳಿಸಿದರು.

ಒಂಬತ್ತನೆಯ ದಿನ, ಬೆಳಗಿನ ಎರಡನೆಯ ಪೀರಿಯಡ್ ನಡೆಯುತ್ತಿದ್ದಾಗ, ಶಾಲೆಯ ಮಕ್ಕಳ ಫೋನುಗಳಿಗೆ ಆ ಚಿತ್ರಗಳು ಒಟ್ಟಿಗೇ ಬಂದು ಬಿದ್ದವು. ಮೇಷ್ಟರುಗಳ ಫೋನಿಗೂ ಬಂದವು. ಹುಡುಗಿಗೆ ಮಾತ್ರ ಚಿತ್ರದ ಬದಲು ಎರಡು ಸಾಲು ಬಂದಿತ್ತು: 'ದೂರು ಕೊಟ್ಟೆಯಲ್ಲ. ನಿನ್ನ ಹತ್ತಿರದವರೇ ನನಗೆ ಹೇಳಿದರು.'

ತಾಯಿ ಮಧ್ಯಾಹ್ನ ಕಚೇರಿಗೆ ಬಂದರು. ಟಿಕೆಟ್ ಚೀಲ ಹೆಗಲ ಮೇಲೇ ಇತ್ತು. ಕೂರಿ ಎಂದರೆ ಕೂರಲಿಲ್ಲ.

"ಹುಡುಗಿ ರೂಮಿನ ಬಾಗಿಲು ಹಾಕ್ಕೊಂಡಿದಾಳೆ ಮೇಡಂ. ಯಾರಮ್ಮ ಹೇಳಿದ್ದು, ಯಾರಮ್ಮ ಹೇಳಿದ್ದು ಅಂತ ಒಂದೇ ಸಮ ಕೇಳ್ತಿದಾಳೆ. ನಾನು ಏನು ಹೇಳ್ಲಿ?"

"ವಿಚಾರಿಸ್ತೀನಿ. ನಾಳೆ ಸಂಜೆಯೊಳಗೆ ಹೇಳ್ತೀನಿ."

ಮೇಡಂಗೆ ಆ ಕ್ಷಣ ನಿಜವಾಗಿಯೂ ಗೊತ್ತಿರಲಿಲ್ಲ. ರಜೆ ಮುಗಿಸಿ ಬಂದ ನೆಂಟರು ಮರುದಿನ ಫೋನಿನಲ್ಲಿ ಹಾಳೆಗಳನ್ನು ತಿರುವಿಹಾಕುವ ಸದ್ದು ಕೇಳಿಸಿತು. ಆಮೇಲೆ ಆ ಸದ್ದು ನಿಂತಿತು.

"ಹನ್ನೊಂದನೇ ಕಾಲಮಿನಲ್ಲಿ ಗೀಟಿದೆ," ಎಂದರು ಅವರು.

"ಹೌದು. ನಾನು ಯಾವಾಗಲೂ ಎಳೀತೀನಿ."

"ಅದೇ," ಎಂದರು ಅವರು. ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ಬುಧವಾರದ ಮಾತುಕತೆಗಳ ನಡುವೆ, ಆ ಶನಿವಾರದ ಮಾತು ಮೂರು ನಿಮಿಷಕ್ಕೆ ಮುಗಿಯಿತು.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದು. ಮೇಡಂ ಅವರಿಗೆ ಹೆಚ್ಚು ನೋವು ಕೊಟ್ಟದ್ದು ಇದಲ್ಲ, ಇದರ ಮುಂದಿನದು.

ವಿಚಾರಣೆಯಾಯಿತು. ಆಗಿನ ನಿರ್ದೇಶಕರು ಬಾಗಿಲು ಹಾಕಿಸಿ ಮೇಡಂ ಅವರನ್ನು ಕೂರಿಸಿಕೊಂಡರು.

"ಈ ಅರ್ಜಿ ಚಾಲ್ತಿಗೆ ಬಂದು ತಿಂಗಳಾಗಿಲ್ಲ. ಮೊದಲ ತಿಂಗಳೇ ಹೀಗಾಯ್ತು ಅಂತ ಹೊರಗೆ ಹೋದ್ರೆ ಏಳು ದೇಶದವರೂ ಕೈ ತೊಳ್ಕೋತಾರೆ. ಅರವತ್ತಮೂರು ಮಕ್ಕಳ ದೂರು ಈಗ ದಾರೀಲಿದೆ. ಒಂದು ಹುಡುಗಿಗೆ ನಿಜ ಹೇಳೋಕೆ ಹೋಗಿ ಅವರನ್ನೆಲ್ಲ ನಡುನೀರಲ್ಲಿ ಬಿಡ್ತೀರಾ?"

ವರದಿ ಸಿದ್ಧವಾಗಿಯೇ ಇತ್ತು. ಎರಡು ದೇಶಗಳ ಕಾರ್ಯವಿಧಾನಗಳ ನಡುವಿನ ತಾಂತ್ರಿಕ ವ್ಯತ್ಯಾಸವೆಂದು ಅದರಲ್ಲಿ ಬರೆದಿತ್ತು. ಜೊತೆಗೆ ಕುಟುಂಬಕ್ಕೆ ಕಳಿಸಬೇಕಾದ ಒಂದು ಪುಟದ ಪತ್ರವಿತ್ತು: 'ಮಾಹಿತಿಯು ಯಾವ ಮೂಲದಿಂದ ಹೊರಬಿದ್ದಿತೆಂಬುದನ್ನು ಖಚಿತವಾಗಿ ಹೇಳಲು ಸಾಧ್ಯವಾಗಿರುವುದಿಲ್ಲ.' ಮೇಡಂ ಎರಡಕ್ಕೂ ಸಹಿ ಹಾಕಿದರು.

"ಆ ಅರವತ್ತಮೂರು ಮಕ್ಕಳು ನಿಜವಾಗ್ಲೂ ನನ್ನ ಕಣ್ಣ ಮುಂದೆ ಇದ್ರು. ಆದ್ರೆ ನನ್ನ ಕುರ್ಚಿನೂ ಇತ್ತು. ಅದನ್ನೂ ಬರ್ಕೋ," ಎಂದರು ಮೇಡಂ.

ಕಚೇರಿಯ ಪ್ರತಿಯನ್ನು ಕಪಾಟಿನಲ್ಲಿಡುವ ಮುನ್ನ ದಾಖಲೆ ಕೋಣೆಯವಳು ಅದನ್ನು ಓದಿದ್ದಳು. ಆ ಹೊತ್ತಿಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಓದಿ, ದಾರ ಕಟ್ಟಿ, ಇಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಇದನ್ನೂ ಬರೆಯಬೇಕಾದ್ದು ನ್ಯಾಯ.

ಮುಂದಿನ ನಾಲ್ಕು ವರ್ಷಗಳಲ್ಲಿ ಆದದ್ದೆಲ್ಲ ಉಳಿದ ಲೇಖನಗಳಲ್ಲಿದೆ. ಹನ್ನೊಂದು ತಿಂಗಳ ಮೇಲೆ ಆ ದುಷ್ಟ ಸಿಕ್ಕಿಬಿದ್ದ. ಅವನ ದೇಶದಲ್ಲೇ ಅವನಿಗೆ ಶಿಕ್ಷೆಯಾಯಿತು. ಮೇಡಂ ಏಳು ದೇಶಗಳನ್ನೂ ಒಂದೊಂದಾಗಿ ಒಪ್ಪಿಸಿ ಹನ್ನೊಂದನೆಯ ಕಾಲಮನ್ನು ತಿರುಗಿಸಿ ಬರೆಸಿದರು. ಈಗ ಅಲ್ಲಿ ಇರುವುದು 'ಖಾತೆದಾರನಿಗೆ ವಿಷಯ ತಿಳಿಸಲು ಕಾರಣ' ಎಂದು. ಕಾರಣ ಬರೆಯದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕಾಗಿ ಅವರಿಗೆ ಪ್ರಶಸ್ತಿ ಬಂತು. ಅದನ್ನು ಪಡೆಯಲು ನೆಂಟರ ದೇಶಕ್ಕೆ ಹೋದಾಗ ಇಬ್ಬರೂ ಮೊದಲ ಬಾರಿಗೆ ಮುಖಾಮುಖಿಯಾದರು. ಫೋನಿನಲ್ಲಿ ದಪ್ಪ ದನಿಯ ನೆಂಟರು ಎದುರಿಗೆ ಸಣಕಲು ಮನುಷ್ಯ. ಚಹಾ ಬಂದ ಮೇಲೆ ಅವರು ಕೇಳಿದರು:

"ಆ ಹುಡುಗಿಗೆ ಹೇಳಿದ್ರಾ?"

"ಇಲ್ಲ. ನೀವು?"

"ನಾವೂ ಹೇಳಲಿಲ್ಲ."

ಊರಿಗೆ ಮರಳಿದ ಮೂರನೆಯ ದಿನ ಮೇಡಂ ಬಸ್ಸು ಡಿಪೋಗೆ ಹೋದರು. ತಾಯಿ ಆ ಹೊತ್ತಿಗೆ ಡಿಪೋದ ಒಳಗಿನ ಕೆಲಸಕ್ಕೆ ಬಂದಿದ್ದರು. ಹುಡುಗಿಗೆ ಹತ್ತೊಂಬತ್ತು, ಕನ್ನಡಕದ ಅಂಗಡಿಯೊಂದರ ಹಿಂಭಾಗದಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದಳು. ಶಾಲೆಗೆ ಆ ದಿನದ ಮೇಲೆ ಹೋಗಿರಲೇ ಇಲ್ಲ. ಪರೀಕ್ಷೆ ಕಟ್ಟು ಎಂದು ತಾಯಿ ಎಷ್ಟು ಹೇಳಿದರೂ ಕಟ್ಟಲಿಲ್ಲ. ಫೋನು ಮಾಡಿ ಕರೆಸಿದ ಮೇಲೆ, ಡಿಪೋದ ಕ್ಯಾಂಟೀನಿನ ಉದ್ದನೆಯ ಬೆಂಚಿನ ಮೇಲೆ ತಾಯಿ ಮಗಳ ನಡುವೆ ಕೂತು, ಯಾರ ಮುಖವನ್ನೂ ನೋಡದೆ, ಮೇಡಂ ಅಡ್ಡಗೀಟಿನ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಸಹಿಯ ವಿಷಯವನ್ನೂ ಹೇಳಿದರು.

ಬೈಗುಳಕ್ಕೆ ಅವರು ಸಿದ್ಧರಾಗಿದ್ದರು. ಹುಡುಗಿ ಬೈಯಲಿಲ್ಲ.

"ಹಾಗಾದ್ರೆ ಅವಳಲ್ಲ?" ಎಂದಳು.

"ಯಾರು?"

"ನಮ್ಮ ಚಿಕ್ಕಮ್ಮನ ಮಗಳು. ಅವಳಲ್ವಾ ಹೇಳಿದ್ದು?"

"ಅಲ್ಲ ಪುಟ್ಟಿ. ಯಾರೂ ಹೇಳಿಲ್ಲ. ನನ್ನ ಕಾಗದ ಹೇಳಿದ್ದು."

"ಹತ್ತಿರದವರೇ ಹೇಳಿದ್ರು ಅಂತ ಅವನು ಬರೆದಿದ್ನಲ್ಲ."

"ಸುಳ್ಳು ಬರೆದಿದ್ದ. ನಿನ್ನನ್ನ ಇನ್ನೊಂದು ಸಲ ಚುಚ್ಚೋಕೆ."

ತಾಯಿ ಎದ್ದು ನಲ್ಲಿಯ ಹತ್ತಿರ ಹೋದರು. ಲೋಟ ತುಂಬಿ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ಅಲ್ಲಿಂದಲೇ, ಬೆನ್ನು ಈ ಕಡೆ ಮಾಡಿಕೊಂಡು ಮಾತಾಡಿದರು.

"ನಾಲ್ಕು ಜನಕ್ಕೆ ಗೊತ್ತಿತ್ತು ಮೇಡಂ. ನಾನಲ್ಲ, ಇವಳಲ್ಲ. ನೀವು ಅನ್ನೋದು ನಮ್ಮ ಕನಸಲ್ಲೂ ಬರಲಿಲ್ಲ. ಉಳಿದೋಳು ಒಬ್ಬಳೇ. ಆ ಮಗುನ ನಾನೇ ಮನೆಗೆ ಕರೆಸಿ ಕೇಳಿದೆ. ಇಲ್ಲ ದೊಡ್ಡಮ್ಮ, ಇಲ್ಲ ದೊಡ್ಡಮ್ಮ ಅಂತ ಎಷ್ಟು ಅತ್ತಳು. ನಾಟಕ ಆಡಬೇಡ ಅಂದೆ. ನನ್ನ ಬೆನ್ನಿಗೆ ಬಿದ್ದ ತಂಗಿ ಮೇಡಂ, ಅವಳಮ್ಮ. ಆವತ್ತಿಂದ ನನ್ನ ಮನೆ ಮೆಟ್ಟಿಲು ಹತ್ತಿಲ್ಲ."

ಮೇಡಂಗೆ ಅದು ಆ ತನಕ ಗೊತ್ತಿರಲಿಲ್ಲ. ಚಿತ್ರಗಳು ಹಂಚಿಹೋದದ್ದು ಗೊತ್ತಿತ್ತು, ಶಾಲೆ ಬಿಟ್ಟದ್ದು ಗೊತ್ತಿತ್ತು. 'ಖಚಿತವಾಗಿ ಹೇಳಲು ಸಾಧ್ಯವಾಗಿರುವುದಿಲ್ಲ' ಎಂಬ ತಮ್ಮ ಒಂದು ಸಾಲು ಆ ಮನೆಗೆ ಹೋಗಿ, ಖಾಲಿ ಬಿಟ್ಟ ಜಾಗದಲ್ಲಿ ಒಂದು ಮಗುವಿನ ಹೆಸರನ್ನು ಬರೆಸಿಕೊಂಡಿತೆಂಬುದು ಗೊತ್ತಿರಲಿಲ್ಲ. ಒಂದು ವಾಕ್ಯ ನಿಜ ಹೇಳಿದ್ದರೆ ಆ ಹುಡುಗಿಗೆ ಚಿತ್ರಗಳ ಅವಮಾನವನ್ನು ಹಂಚಿಕೊಳ್ಳಲು ಬೆಂಚಿನ ಪಕ್ಕದವಳಾದರೂ ಉಳಿಯುತ್ತಿದ್ದಳು.

ಆ ವಾರವೇ ಮೇಡಂ ತಮ್ಮ ಹೆಸರಿನಲ್ಲಿ, ಕಚೇರಿಯ ಮೊಹರಿನೊಡನೆ, ನಿಜವನ್ನು ಬರೆದು ಎರಡೂ ಮನೆಗೆ ಕಳಿಸಿದರು. ನಿರ್ದೇಶಕರಿಗೂ ಒಂದು ಪ್ರತಿ ಕಳಿಸಿದರು. ಅದಕ್ಕಾಗಿ ಅವರಿಗೆ ಎಚ್ಚರಿಕೆ ಪತ್ರ ಬಂತು. ಒಂದು ಬಡ್ತಿ ನಿಂತಿತು. ಆ ವಿಷಯವನ್ನು ಹೆಚ್ಚು ಬರೆಯಬೇಡ ಎಂದಿದ್ದಾರೆ. ಹನ್ನೊಂದು ದಿನದ ಮೇಲೆ ಚಿಕ್ಕಮ್ಮ ಅಕ್ಕನ ಮನೆಗೆ ಬಂದರಂತೆ. ಬಾಗಿಲಲ್ಲಿ ನಿಂತು, "ಅಕ್ಕ, ಚಹಾ ಇದೆಯಾ" ಎಂದರಂತೆ. ಅಷ್ಟೇ ಮಾತು, ಆಮೇಲೆ ಇಬ್ಬರೂ ಅತ್ತದ್ದು.

ಆದರೆ ಚಿಕ್ಕಮ್ಮನ ಮಗಳು ಬರಲಿಲ್ಲ. ಅವಳೀಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಈ ಹುಡುಗಿಯ ಫೋನು ಎತ್ತುವುದಿಲ್ಲ. ಮೇಡಂ ಅವಳಿಗೆ ಬೇರೆಯಾಗಿ ಮೂರು ಪತ್ರ ಬರೆದರು. ಉತ್ತರವಿಲ್ಲ. ದ್ರೋಹಿ ಎನಿಸಿಕೊಂಡು ನಾಲ್ಕು ವರ್ಷ ಬೆಳೆದ ಹುಡುಗಿಗೆ, ನೀನು ದ್ರೋಹಿಯಲ್ಲ ಎಂಬ ಕಾಗದ ಅಂಚೆಯಲ್ಲಿ ಬಂದರೆ ಅವಳಾದರೂ ಏನು ಮಾಡಿಯಾಳು?

ನಿವೃತ್ತಿಯ ಬಳಿಕವೂ ವಾರಕ್ಕೆ ಎರಡು ದಿನ ಮಕ್ಕಳ ದೂರು ಕೇಳಲು ಬಂದು ಕೂರುವುದಾಗಿ ಮೇಡಂ ಒಪ್ಪಿದ್ದಾರೆ. ಏಳು ದೇಶಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರ ತರಬೇತಿಯ ಮೊದಲ ದಿನ ಈ ಕಡತವನ್ನೇ ಓದಿಸಬೇಕೆಂದು, ಅದರಲ್ಲಿ ತಮ್ಮ ಹೆಸರನ್ನು ಮರೆಮಾಡಕೂಡದೆಂದು ಬರೆದುಕೊಟ್ಟಿದ್ದಾರೆ. ನಾಲ್ಕು ದೇಶಗಳು ಒಪ್ಪಿವೆ. ಉಳಿದ ಮೂರನ್ನು ಒಪ್ಪಿಸುವುದು ಇನ್ನು ತಮ್ಮ ಸ್ವಂತ ಫೋನಿನಿಂದ ಎನ್ನುತ್ತಾರೆ. ಇಂಥ ಅಧಿಕಾರಿಯೊಡನೆ ಇಪ್ಪತ್ತಾರು ವರ್ಷ ಒಂದೇ ಮಹಡಿಯಲ್ಲಿದ್ದದ್ದು ಭಾಗ್ಯವೆಂದು ದಾಖಲೆ ಕೋಣೆಯವಳು ಈಗಲೂ ನಂಬಿದ್ದಾಳೆ. ಈ ಕಡತವನ್ನು ಬಲ್ಲವಳಾಗಿಯೇ ನಂಬಿದ್ದಾಳೆ.

ಇದನ್ನು ಅಚ್ಚಿಗೆ ಕೊಡುವ ಮುನ್ನ ಆ ಹುಡುಗಿಯ ಒಪ್ಪಿಗೆ ಬೇಕಿತ್ತು. ಮೇಡಂ ತಾವೇ ಹೋದರೆ ಅವಳಿಗೆ ಬೇಡವೆನ್ನುವುದು ಕಷ್ಟವಾದೀತೆಂದು ಮುದುಕಿಯನ್ನು ಕಳಿಸಿದರು. ಹುಡುಗಿಗೀಗ ಇಪ್ಪತ್ತೆರಡು. ಅಂಗಡಿಯ ಹಿಂಭಾಗದಲ್ಲಿ ನಿಂತು, ಉಜ್ಜುವ ಯಂತ್ರ ನಿಲ್ಲಿಸಿ, ಹಾಳೆಗಳನ್ನು ಪೂರ್ತಿ ಓದಿದಳು.

"ಹಾಕ್ಲಿ ಅಜ್ಜಿ. ಆದ್ರೆ ನಾನು ಮೇಡಂನ ಕ್ಷಮಿಸಿದೀನಿ ಅಂತ ಮಾತ್ರ ಬರೀಬೇಡಿ."

"ಬರೆದಿಲ್ಲ ಮಗಳೇ."

"ದ್ವೇಷ ಏನಿಲ್ಲ. ಬಂದು ಹೇಳಿದ್ರಲ್ಲ, ಅಷ್ಟಾದ್ರೂ ಮಾಡಿದ್ರು. ಆದ್ರೆ ನಾನಿನ್ನೂ ಅಲ್ಲೀವರೆಗೆ ಬಂದಿಲ್ಲ. ಮೊದಲು ಅವಳು ಒಂದು ಸಲ ಫೋನ್ ತೆಗೀಲಿ."

"ತುಂಬ ದಿನ ಆಗಬಹುದಾ?"

"ಆಗಬಹುದು," ಎಂದು ಹುಡುಗಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಳು.

ಮೇಡಂಗೆ ಇದನ್ನು ಹಾಗೆಯೇ ಬಂದು ಹೇಳಿದ್ದಾಯಿತು. ಅವರು ತಲೆದೂಗಿ, "ಅವಳು ಅಂದ ಹಾಗೇ ಬರಿ," ಎಂದರು.

ನಿವೃತ್ತರಾಗುವವರಿಗೆ ನೂರು ವರ್ಷ ಕೋರುವುದು ಇಂಥ ಗ್ರಂಥಗಳ ರೂಢಿ. ಮುದುಕಿಯ ಕೋರಿಕೆ ಅಷ್ಟು ದೊಡ್ಡದಲ್ಲ, ಅಷ್ಟು ಸುಲಭದ್ದೂ ಅಲ್ಲ. ಚಿಕ್ಕಮ್ಮನ ಮಗಳು ಫೋನು ಎತ್ತುವ ದಿನದವರೆಗೆ, ಅದಾದ ಮೇಲೆ ಈ ಹುಡುಗಿ ತನ್ನ ಕಾಲಲ್ಲಿ ತಾನೇ ನಿಧಾನವಾಗಿ ನಡೆದು ಆ ಜಾಗಕ್ಕೆ ಬಂದು ಮುಟ್ಟುವ ದಿನದವರೆಗೆ, ಅದು ಎಷ್ಟೇ ತಡವಾಗಲಿ, ಮೇಡಂ ಬದುಕಿರಲಿ. ಅವಳು ಬಂದು ಹೇಳುವುದನ್ನು ಕೇಳಿಸಿಕೊಳ್ಳುವಷ್ಟು ಅವರ ಕಿವಿ ಚೆನ್ನಾಗಿರಲಿ.